ಬಲಸುತ್ತಿನ ಬೇಸ್‌ಬಾಲ್

ಆ ಶನಿವಾರ ಸಂಜೆ ತಮ್ಮ ದಿನೇಶ ಅಂಗಡಿಗೆ ಬಂದಾಗ ನಾನು ಒಂದು ಮದುವೆ ರವಿಕೆಗೆ ಹುಕ್ಕು ಹಾಕುತ್ತಾ ಕೂತಿದ್ದೆ. ತಲೆ ಎತ್ತದೆಯೇ, "ಬಂದ್ಯಾ?" ಎಂದೆ.

"ಬಂದೆ" ಎಂದ.

ಅವನ ಕೈಯಲ್ಲಿ ಹೊಲಿಗೆ ಬಿಟ್ಟ ಚೆಂಡಿತ್ತು. ಒಂದು ಕಡೆ ಕೆಂಪು ದಾರ ಕಿತ್ತುಹೋಗಿ ಒಳಗಿನ ನೂಲು ನಾಲಿಗೆ ಚಾಚಿದ ಹಾಗೆ ಹೊರಗೆ ಬಂದಿತ್ತು. ಅದನ್ನು ನನ್ನ ಮಿಷನ್ನಿನ ಮೇಲೆ, ಸರಿಯಾಗಿ ರವಿಕೆಯ ಮೇಲೇ ಇಟ್ಟ.

"ನಾಳೆ ಬೆಳಿಗ್ಗೆಗೆ ಬೇಕು ಅಕ್ಕ."

"ಇದು ಮದುವೆ ಹುಡುಗಿ ರವಿಕೆ. ಇದು ಮುಗೀದೆ ನಿನ್ನ ಚೆಂಡು ಮುಟ್ಟಲ್ಲ."

"ಮದುವೆ ಒಂದು ವಾರ ತಡ ಆದ್ರೂ ನಡೆಯುತ್ತೆ. ಲೀಗು ತಡ ಆದ್ರೆ ಮಳೆ ಹಿಡಿಯುತ್ತೆ."

ಫ್ಲಾಸ್ಕಿನಲ್ಲಿದ್ದ ಕಾಫಿ ಬಗ್ಗಿಸಿಕೊಂಡು ಕುಡಿದ. ಸಕ್ಕರೆ ಕಡಿಮೆ ಎಂದ. ಎಂದಿನ ಮಾತೇ. ಆಮೇಲೆ ಬಾಗಿಲಲ್ಲಿ ನಿಂತು, "ಈ ವರ್ಷ ಎಡಕ್ಕೇ ಓಡಿಸ್ತೀನಿ ನೋಡ್ತಿರು. ಶೇಷಮ್ಮನೋರ ಹತ್ರ ನಾಳೆ ನಾನೇ ಮಾತಾಡ್ತೀನಿ" ಎಂದ.

"ಬೈಸ್ಕೊಂಡು ಬರ್ತೀಯ."

"ಬೈಸ್ಕೊಳ್ಳೋದಕ್ಕೂ ಸೇರಿಸೇ ಅಲ್ವಾ ರೈಟರಿಗೆ ಸಂಬಳ ಕೊಡೋದು" ಎಂದು ನಕ್ಕು, "ಬರ್ತೀನಿ" ಎಂದು ಹೋದ. ಅವನ ಗ್ಲೌಸು ಮಿಷನ್ನಿನ ಪಕ್ಕದಲ್ಲೇ ಉಳಿಯಿತು.

ಮಾರನೇ ಬೆಳಿಗ್ಗೆ ಎದೆ ಹಿಡಿದಂತಾಗುತ್ತಿದೆ ಎಂದ. ಗ್ಯಾರೇಜಿನ ಹಮೀದಣ್ಣ ಜೀಪು ತಂದರು. ಮೂಡಿಗೆರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಆ ಗ್ಲೌಸು ಈಗಲೂ ಅಲ್ಲೇ ಇದೆ, ಕತ್ತರಿಗೂ ಟೇಪಿಗೂ ನಡುವೆ. ಅಳತೆ ಕೊಡಲು ಬಂದ ಹೆಂಗಸರು ಅದನ್ನು ಎತ್ತಿ ನೋಡಿ, "ಸುಮಕ್ಕ, ಬಿಸಿ ಪಾತ್ರೆ ಇಳಿಸೋಕೆ ಚೆನ್ನಾಗಿದೆ, ನಂಗೂ ಒಂದು ಹೊಲಿದುಕೊಡಿ" ಎನ್ನುತ್ತಾರೆ. ಅವರದು ತಪ್ಪಲ್ಲ. ನಾನು ಹೊಲಿದ ಗ್ಲೌಸುಗಳೆಲ್ಲ ಹಾಗೇ ಇರುತ್ತವೆ. ಹಳೇ ಜೀನ್ಸ್ ಪ್ಯಾಂಟಿನ ಬಟ್ಟೆ, ಒಳಗೆ ಹಮೀದಣ್ಣನ ಗ್ಯಾರೇಜಿನಲ್ಲಿ ಬಿದ್ದಿದ್ದ ಬೈಕ್ ಸೀಟಿನ ಸ್ಪಂಜು. ಹತ್ತನೇ ಕ್ಲಾಸು ಮುಗಿಸಿ ಹೊಲಿಗೆ ಕಲಿತವಳು ನಾನು. ರವಿಕೆಯ ತೋಳು ಗೊತ್ತು, ಲಂಗದ ನೆರಿಗೆ ಗೊತ್ತು. ಮನುಷ್ಯರ ಅಂಗೈಗೆ ಬಟ್ಟೆ ಹೊಲಿಯಬೇಕಾಗುತ್ತದೆ ಎಂದು ಯಾರು ಅಂದುಕೊಂಡಿರುತ್ತಾರೆ?

ದಿನೇಶ ಬೇಸ್‌ಬಾಲ್ ಕಲಿತದ್ದು ಚಿಕ್ಕಮಗಳೂರಿನಲ್ಲಿ ಪಿಯುಸಿ ಓದುವಾಗ. ಕಲಿತ ಎನ್ನುವುದಕ್ಕಿಂತ, ಕಲಿಸುತ್ತಿದ್ದ ಮಾಸ್ತರರಿಗೆ ಬೇರೆ ಊರಿಗೆ ವರ್ಗವಾಗುವವರೆಗೆ ಆಡಿದ ಎಂದರೆ ಸರಿ. ಓದು ಅಷ್ಟಕ್ಕೇ ನಿಂತಿತು. ಊರಿಗೆ ಬಂದು ಶೇಷಮ್ಮನವರ ಎಸ್ಟೇಟಿನಲ್ಲಿ ರೈಟರ್ ಆದ. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಕೊಯ್ದ ಹಣ್ಣಿನ ತೂಕ. ಅಪ್ಪ ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಅವನ ತಲೆಯೊಳಗೆ ಅರ್ಧ ಕಲಿತ ಆ ಆಟ ಸುಮ್ಮನೆ ಕೂತಿತ್ತು.

ನಮ್ಮದು ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯ ಒಂದು ಸಣ್ಣ ಊರು. ಇಲ್ಲಿ ಚಪ್ಪಟೆ ಜಾಗ ಎಂದರೆ ಎರಡೇ. ಒಂದು ರಸ್ತೆ, ಇನ್ನೊಂದು ಶೇಷಮ್ಮನವರ ಕಾಫಿ ಕಣ. ಮಿಕ್ಕಿದ್ದೆಲ್ಲ ಏರು, ಇಲ್ಲವೇ ಇಳಿಜಾರು. ಮಾರ್ಚಿ ಕಳೆಯುವಷ್ಟರಲ್ಲಿ ಒಣಗಿದ ಕಾಫಿಯೂ ಮೆಣಸೂ ಮೂಟೆ ಸೇರಿ ಕಣ ಖಾಲಿಯಾಗುತ್ತದೆ. ಆಗಲೇ ಶಾಲೆಗೆ ರಜೆ. ಎಸ್ಟೇಟಿನ ಲೈನುಗಳಲ್ಲಿ, ಅಂದರೆ ಆಳುಗಳ ಸಾಲುಮನೆಗಳಲ್ಲಿ, ಇರುವ ಮಕ್ಕಳು, ರಸ್ತೆ ಬದಿ ಅಂಗಡಿಗಳ ಮಕ್ಕಳು, ಸಣ್ಣ ತೋಟದವರ ಮಕ್ಕಳು ಎಲ್ಲ ಒಟ್ಟಿಗೆ ಬೀದಿಗೆ ಬಿದ್ದಿರುತ್ತಾರೆ. ದಿನೇಶ ಅವರನ್ನೆಲ್ಲ ಕಣಕ್ಕೆ ಕರೆದ.

"ವಿಕೆಟ್ ಎಲ್ಲಿ ದಿನೇಶಣ್ಣ?" ಎಂಬುದು ಮೊದಲ ಪ್ರಶ್ನೆಯಂತೆ.

"ವಿಕೆಟ್ ಇಲ್ಲ. ನಾಲ್ಕು ಮೂಲೆ ಇದೆ. ಒಂದು ಮೂಲೆ ಮನೆ. ಹೊಡಿ, ಮೂರು ಮೂಲೆ ಮುಟ್ಟು, ಮನೆಗೆ ಬಾ. ಒಂದು ರನ್."

"ಅಷ್ಟೇನಾ?"

"ಅಷ್ಟು ಮಾಡಿ ತೋರಿಸು ಮಾರಾಯ."

ಸಾಮಾನೆಲ್ಲ ಊರಿನದೇ. ಕಿತ್ತು ಹಾಕಿದ್ದ ಹಳೇ ರೊಬಸ್ಟಾ ಗಿಡದ ಕಾಂಡವನ್ನು ಬಡಗಿ ಕೆತ್ತಿ ಬ್ಯಾಟು ಮಾಡಿದ. ಕಾಫಿ ಮರ ಕಬ್ಬಿಣದ ಹಾಗೆ; ಚೆಂಡು ತಗುಲಿದರೆ ಕೈ ಜುಮ್ಮೆನ್ನುತ್ತದೆ. ಮೂರು ಮೂಲೆಗೆ ಕಾಫಿ ಹೊಟ್ಟು ತುಂಬಿದ ಗೋಣಿ ಚೀಲಗಳು. ಯಾರಾದರೂ ಜೋರಾಗಿ ಹಾರಿದರೆ ಹೊಲಿಗೆ ಬಿಟ್ಟು ಹೊಟ್ಟೆಲ್ಲ ಹಾರುತ್ತಿತ್ತು. ಮತ್ತೆ ನಾನೇ ಹೊಲಿಯಬೇಕು. ಮನೆ ಎಂಬ ನಾಲ್ಕನೇ ಮೂಲೆಗೆ ಮಾತ್ರ ಹಮೀದಣ್ಣ ಲಾರಿ ಟೈರಿನಿಂದ ಕತ್ತರಿಸಿಕೊಟ್ಟ ಕಪ್ಪು ತುಂಡು. ಚೆಂಡು ನಾನು ಹೊಲಿದದ್ದು. ಮೊದಲ ಚೆಂಡು ಗುಂಡಗೆ ಬರದೆ ಹಲಸಿನ ಬೀಜದ ಹಾಗೆ ಆಯಿತು. ಅದು ಎತ್ತ ಪುಟಿಯುತ್ತದೆ ಎಂದು ಎಸೆದವನಿಗೂ ಗೊತ್ತಾಗುತ್ತಿರಲಿಲ್ಲ. ಅಂಥ ಚೆಂಡು ಹಿಡಿದು ಹಿಡಿದೇ ನಮ್ಮ ಮಕ್ಕಳ ಕೈ ಅಷ್ಟು ಚುರುಕಾಯಿತು ಎಂದು ನಾನು ಈಗಲೂ ವಾದಿಸುತ್ತೇನೆ.

ಕಾನೂನುಗಳೂ ನಮ್ಮವೇ. ಸಿಮೆಂಟಿನ ಕಣದಲ್ಲಿ ಜಾರಿದರೆ ಔಟ್, ಮೊಣಕಾಲು ಉಳಿಯಬೇಕಲ್ಲ. ಚೆಂಡು ತೋಟಕ್ಕೆ ಬಿದ್ದರೆ ಎರಡು ಮೂಲೆ. ಚೆಂಡು ಹುಡುಕಲು ಹೋದವರಿಗೆ ಗಿಡದಲ್ಲಿದ್ದ ಚಗಳಿ ಇರುವೆ ಮುತ್ತಿಕೊಂಡರೆ, ಅವರು ಕುಣಿದು ಮುಗಿಸುವವರೆಗೆ ಆಟ ನಿಲ್ಲಿಸಬೇಕು. ಇದು ದಿನೇಶ ಬರೆದ ಕಾನೂನಲ್ಲ. ಮೇಲಿನ ಲೈನಿನ ಚೈತ್ರ ಎಂಬ ಹುಡುಗಿ, ಆಗ ಇಷ್ಟೇ ಇದ್ದಳು, ಕುತ್ತಿಗೆಯೊಳಗೆ ಚಗಳಿ ಬಿಟ್ಟುಕೊಂಡು ಕುಣಿಯುತ್ತಲೇ ವಾದ ಮಾಡಿ ಗೆದ್ದದ್ದು.

ಇನ್ನೊಂದು ಕಾನೂನು ನಮ್ಮ ಮನೆಯದು. ಹೊರಗಿನಿಂದ ಯಾರು ಬಂದರೂ ಅಮ್ಮ ಒಲೆ ಮುಂದಿನಿಂದಲೇ, "ಬಂದ್ಯಾ?" ಎಂದು ಕೇಳುತ್ತಿದ್ದಳು. "ಬಂದೆ" ಎನ್ನದಿದ್ದರೆ ತಟ್ಟೆ ಹಾಕುತ್ತಿರಲಿಲ್ಲ. ಎದುರಿಗೇ ಬಂದು ನಿಂತಿದ್ದರೂ ಬಾಯಲ್ಲಿ ಹೇಳಬೇಕು. ದಿನೇಶ ಅದನ್ನೇ ಕಣಕ್ಕೆ ತಂದ. ಅಂಪೈರ್ ಅವನೇ. ಏದುಸಿರು ಬಿಡುತ್ತಾ ಬಂದು ಟೈರ್ ತುಂಡು ಮುಟ್ಟಿದ ಮಗುವನ್ನು ಅವನು ಕಣವೆಲ್ಲ ಕೇಳುವ ಹಾಗೆ, "ಬಂದ್ಯಾ?" ಎಂದು ಕೇಳುವುದು. "ಬಂದೆ" ಎಂದರೆ ಮಾತ್ರ ರನ್. ಉಸಿರು ಸಿಗದೆ ಬಾಯಿ ಬಿಟ್ಟುಕೊಂಡು ನಿಂತ ಮಕ್ಕಳು ಎಷ್ಟೋ ರನ್ ಕಳೆದುಕೊಂಡಿದ್ದಾರೆ. ಮಾತೇ ಕಡಿಮೆಯಾಗಿದ್ದ ಒಬ್ಬ ಪುಟ್ಟ ಹುಡುಗ ಊರಿನವರೆದುರು ಮೊದಲ ಬಾರಿ ಬಾಯಿ ಬಿಟ್ಟದ್ದು ಆ ಟೈರ್ ತುಂಡಿನ ಮೇಲೆ. ಅವನ ತಾಯಿ ಆ ದಿನ ಎಲ್ಲರಿಗೂ ಕಡಲೆಮಿಠಾಯಿ ಹಂಚಿದಳು.

ಈಗ ಎಡ ಬಲದ ವಿಷಯ.

ಆ ಕಣ ಮೊದಲು ಭತ್ತದ ಕಣವಾಗಿತ್ತು. ನಟ್ಟನಡುವೆ, ತೆನೆ ತುಳಿಯುವ ಎತ್ತುಗಳು ಸುತ್ತುವ ಮೇಟಿ ಕಂಬ ನಿಲ್ಲಿಸುತ್ತಿದ್ದ ಗುಳಿ. ಗದ್ದೆ ಹೋಗಿ ಕಾಫಿ ಬಂದು, ಸಿಮೆಂಟು ಹಾಕಿಸುವಾಗಲೂ ಶೇಷಮ್ಮನವರು ಆ ಗುಳಿಯನ್ನು ಮುಚ್ಚಿಸಲಿಲ್ಲ. ಮೇಲೊಂದು ಚಪ್ಪಟೆ ಕಲ್ಲು ಇಡಿಸಿದರು. ಕೊಯ್ಲು ಶುರುವಾಗಿ ಮೊದಲ ದಿನದ ಕಾಫಿ ಹರಡುವಾಗ ಇಂದಿಗೂ ಅದಕ್ಕೆ ಕುಂಕುಮ, ಹೂವು, ಒಂದು ಕಾಯಿ. ಎಸೆಯುವವನು ಆ ಕಲ್ಲಿನ ಪಕ್ಕದಲ್ಲಿ ನಿಲ್ಲಬೇಕು, ಕಲ್ಲು ಮೆಟ್ಟಬಾರದು ಎಂಬುದು ಮೊದಲೇ ಆದ ಒಪ್ಪಂದ.

ಮೊದಲ ದಿನ ದಿನೇಶ ಮಕ್ಕಳನ್ನು ತಾನು ಕಲಿತಂತೆ ಓಡಿಸಿದ. ಮನೆಯಿಂದ ಹೊರಟು, ಎಸೆಯುವವನನ್ನು ಎಡಕ್ಕೆ ಬಿಟ್ಟುಕೊಂಡು ಒಂದು ಸುತ್ತು. ನಾವು ಎಡಕ್ಕೆ ಓಡುವುದು ಎನ್ನುವುದು ಇದಕ್ಕೇ. ಜಗಲಿಯಲ್ಲಿ ಮೆಣಸು ಹಸನು ಮಾಡುತ್ತಾ ಕೂತಿದ್ದ ಶೇಷಮ್ಮನವರು ಮೊರ ಕೆಳಗಿಟ್ಟು ಎದ್ದರು.

"ಏ ದಿನೇಶ, ಏನದು? ಕಣಕ್ಕೆ ಎಡ ಬರ್ತಿದಾರಲ್ಲೋ ಹುಡುಗರು."

"ಆಟ ಇರೋದೇ ಹಾಗೆ ಅಮ್ಮ."

"ದೇವರಿಗೆ ಬಲ ಬರ್ತೀವಿ, ತುಳಸಿಗೆ ಬಲ ಬರ್ತೀವಿ. ಎಡ ಬರೋದು ಎಲ್ಲಿ ಅಂತ ನಿಂಗೆ ಗೊತ್ತಿಲ್ವಾ? ನನ್ನ ಕಣದಲ್ಲಿ ಬೇಡ."

ಎಡ ಬರುವುದು ಎಲ್ಲಿ ಎಂದು ನಿಮಗೂ ಗೊತ್ತಿರುತ್ತದೆ. ಮಡಕೆ ಹೊತ್ತವನು ಚಿತೆಗೆ ಬರುವ ಸುತ್ತು ಅದು.

ಬೈಕಿನ ಸ್ಪಂಜು ತಂದಿದ್ದ ಹಮೀದಣ್ಣ ಅಲ್ಲೇ ಇದ್ದರು. ಸುಮ್ಮನಿರಲಾರದೆ ಬಾಯಿ ಹಾಕಿದರು. "ಶೇಷಮ್ಮನೋರೆ, ನಮ್ಮಪ್ಪ ಹಜ್‌ಗೆ ಹೋಗಿ ಬಂದೋರು. ಅಲ್ಲಿ ಕಾಬಾ ಸುತ್ತೋದು ಎಡಕ್ಕೇ ಅಂತೆ. ನಮ್ಮ ಕಡೆ ಅದೇ ಪುಣ್ಯ."

"ಅಲ್ಲಿ ಅದು ಸರಿಯಪ್ಪ. ನಿಮ್ಮಪ್ಪನ್ನ ಕೇಳು, ನನ್ನ ಕಣ ಅಲ್ಲಿತ್ತಾ ಅಂತ."

ಹಮೀದಣ್ಣ ನಕ್ಕು ಹಿಂದೆ ಸರಿದರು. ದಿನೇಶ ಒಂದು ಗಳಿಗೆ ಯೋಚಿಸಿ, "ಆಯ್ತು ಮಕ್ಕಳೇ, ಆ ಕಡೆಯಿಂದ ಓಡಿ" ಎಂದ. ಜಾಗ ಕೊಟ್ಟವರ ಮಾತು. ಓಟ ಓಟವೇ, ಮೂಲೆ ಮೂಲೆಯೇ ಎಂದು ಸಮಾಧಾನ ಮಾಡಿಕೊಂಡ. ಹಾಗೆ ನಮ್ಮ ಲೀಗು, ಮೇಲಿನ ಲೈನು, ಕೆಳಗಿನ ಲೈನು, ಗ್ಯಾರೇಜು, ಬಸ್‌ಸ್ಟಾಪು ಎಂಬ ನಾಲ್ಕು ತಂಡಗಳ ಲೀಗು, ವರ್ಷಗಟ್ಟಲೆ ಕಣಕ್ಕೆ ಬಲ ಬರುತ್ತಲೇ ನಡೆಯಿತು. ಪ್ರಪಂಚದಲ್ಲಿ ಬೇಸ್‌ಬಾಲನ್ನು ಪ್ರದಕ್ಷಿಣೆಯಾಗಿ ಆಡಿದವರು ನಾವೊಬ್ಬರೇ ಇರಬೇಕು. ಪುಣ್ಯ ಎಷ್ಟು ಬಂತೋ ಗೊತ್ತಿಲ್ಲ.

ತೊಂದರೆಯಾದದ್ದು ಚಿಕ್ಕಮಗಳೂರಿನ ಒಂದು ಶಾಲೆಯವರು ನಮ್ಮ ಮಕ್ಕಳನ್ನು ಪಂದ್ಯಕ್ಕೆ ಕರೆದಾಗ. ಹೊರಡುವ ಮೊದಲು ದಿನೇಶ ದಿನವೂ ಬಾಯಿಪಾಠ ಮಾಡಿಸಿದ: "ಅಲ್ಲಿ ಎಡಕ್ಕೆ, ಅಲ್ಲಿ ಎಡಕ್ಕೆ." ಮಕ್ಕಳು ಜೀಪಿನಲ್ಲೂ ಅದನ್ನೇ ಹಾಡಿಕೊಂಡು ಹೋದರು. ನಾನೂ ಹೋಗಿದ್ದೆ, ಸೂಜಿ ದಾರ ಹಿಡಿದುಕೊಂಡು. ಮೊದಲು ಬ್ಯಾಟು ಹಿಡಿದವಳು ಚೈತ್ರ. ಅಷ್ಟು ಹೊತ್ತಿಗೆ ಅವಳೇ ನಮ್ಮಲ್ಲಿ ಜೋರು. ಚೆಂಡು ಬೇಲಿ ಮುಟ್ಟುವ ಹಾಗೆ ಹೊಡೆದಳು. ಹೊಡೆದು, ಕಾಲಿಗೆ ಗೊತ್ತಿದ್ದ ದಾರಿಯಲ್ಲಿ, ಬಲಸುತ್ತಿಗೆ ಓಡಿದಳು.

ಮೈದಾನಕ್ಕೆ ಮೈದಾನವೇ ನಕ್ಕಿತು. ಅವಳಿಗೆ ಚಪ್ಪಾಳೆ ಎಂದು ಅನಿಸಿರಬೇಕು. ಇನ್ನೂ ಜೋರಾಗಿ ಓಡಿ, ಮೂರು ಮೂಲೆ ಮುಟ್ಟಿ, ಮನೆಗೆ ಬಂದು ಎದೆಯುಬ್ಬಿಸಿ, "ಬಂದೆ" ಎಂದಳು. ಅಂಪೈರು ಔಟ್ ಎಂದರು.

ಬರುವಾಗ ವಸ್ತಾರೆಯಲ್ಲಿ ಟೀ ಕುಡಿಯಲು ಜೀಪು ನಿಲ್ಲಿಸಿದೆವು. ಚೈತ್ರ ಇಳಿಯಲಿಲ್ಲ. ದಿನೇಶ ಟೀ ಲೋಟ ಹಿಡಿದು ಜೀಪಿನ ಹಿಂದೆ ಹೋಗಿ ನಿಂತ.

"ನೀನು ತಪ್ಪು ಓಡಿಲ್ಲ ಕಣಮ್ಮ. ನಾನು ತಪ್ಪು ಕಲಿಸಿದ್ದು" ಎಂದ.

"ಮತ್ತೆ ಸರಿಯಾಗಿ ಕಲಿಸಿ" ಎಂದಳು ಅವಳು, ಮುಖ ಆ ಕಡೆ ಮಾಡಿಕೊಂಡೇ.

ಆ ಮಾತು ಅವನಿಗೆ ನಾಟಿತು. ಅದಾದ ಮೇಲೆ ಬಂದ ಲೀಗಿನ ಹಿಂದಿನ ಶನಿವಾರವೇ ನಾನು ಮೊದಲು ಹೇಳಿದ ಶನಿವಾರ.

ನಮ್ಮಲ್ಲಿ ಚಟ್ಟದ ಹಿಂದೆ ಹೆಂಗಸರು ರಸ್ತೆಯ ತಿರುವಿನವರೆಗೆ ಮಾತ್ರ ಹೋಗುತ್ತಾರೆ. ಅಲ್ಲಿಂದ ಕೆಳಗಿನ ಹಳ್ಳದ ದಂಡೆ ಕಾಣುತ್ತದೆ. ನಾನು ಅಲ್ಲಿ ನಿಂತಿದ್ದೆ. ಲೀಗಿನ ಮಕ್ಕಳೂ ನನ್ನ ಸುತ್ತ ನಿಂತಿದ್ದರು. ಯಾರೋ ಮನೆಗೆ ಹೋಗಿ ಎಂದು ಗದರಿದರೂ ಹೋಗಲಿಲ್ಲ. ಚಿಕ್ಕಪ್ಪನ ಮಗ ಮಡಕೆ ಹೊತ್ತು ಸುತ್ತು ಬರತೊಡಗಿದ. ಚೈತ್ರ ನನ್ನ ಸೆರಗು ಹಿಡಿದುಕೊಂಡು ಮೆಲ್ಲಗೆ, "ಸುಮಕ್ಕ, ದಿನೇಶಣ್ಣ ಹೇಳಿದ ಕಡೆಗೇ ಸುತ್ತುತಿದಾರೆ" ಎಂದಳು.

ಪಕ್ಕದಲ್ಲಿದ್ದ ಹೆಂಗಸು ಅವಳ ತಲೆಗೆ ಮೊಟಕಿದಳು. ನನಗೆ ಆ ಮಗುವಿನ ಮೇಲೆ ಸಿಟ್ಟು ಬರಲಿಲ್ಲ. ಅವಳು ಹೇಳಿದ್ದು ನಿಜವಾಗಿತ್ತು.

ಆದರೆ ಅದೇ ನಿಜವನ್ನು ಊರು ಬೇರೆ ತರಹ ಹೇಳತೊಡಗಿತು. ಕಣಕ್ಕೆ ಎಡ ಬರ್ತೀನಿ ಅಂತ ಹೊರಟಿದ್ದನಂತೆ, ಬೆಳಗಾಗೋದರೊಳಗೆ ನೋಡು. ಅಂಗಡಿಗೆ ಬಂದವರು ನನ್ನ ಮುಂದೆ ಹೇಳುತ್ತಿರಲಿಲ್ಲ. ನಾನು ಒಳಗೆ ದಾರ ತರಲು ಹೋದಾಗ ಹೇಳುತ್ತಿದ್ದರು. ಬಟ್ಟೆಯ ಪರದೆಗೆ ಮಾತು ತಡೆಯುವ ಶಕ್ತಿ ಇಲ್ಲ. ಆ ವರ್ಷ ಲೀಗು ನಡೆಯಲಿಲ್ಲ. ಸೂತಕ, ವರ್ಷ ಕಳೆಯಲಿ ಎಂದರು. ನಾನೂ ಹೂಂ ಎಂದೆ. ಮಳೆ ಹಿಡಿಯಿತು, ಬಿಟ್ಟಿತು, ಕೊಯ್ಲು ಮುಗಿಯಿತು. ಕೇಳಿ ಕೇಳಿ ನನ್ನೊಳಗೆ ಒಂದು ಮಾತು ಗಟ್ಟಿಯಾಯಿತು. ನನ್ನ ತಮ್ಮ ಸತ್ತದ್ದು ಎದೆನೋವಿನಿಂದ. ಮಕ್ಕಳು ಓಡುವ ದಿಕ್ಕಿನಿಂದಲ್ಲ. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ಓಡಿಸಿಯೇ ತೋರಿಸಬೇಕು.

ಈ ಮಾರ್ಚಿಯಲ್ಲಿ ಹಮೀದಣ್ಣ ಅಂಗಡಿಗೆ ಬಂದರು. ಪಟ್ಟಣದ ಶಾಲೆಯವರು ಮತ್ತೆ ಕರೆದಿದ್ದಾರೆ ಎಂದರು.

"ಲೀಗು ಮಾಡೋಣ ಸುಮಕ್ಕ. ಅಂಪೈರ್ ನಾನು ನಿಲ್ತೀನಿ. ಯಾಕೆ ಸುಮ್ನೆ ಮಾತು, ಮೊದಲಿನ ಹಾಗೇ ಬಲಕ್ಕೇ ಓಡ್ಲಿ."

"ಎಡಕ್ಕೆ" ಎಂದೆ.

ಅವರು ನನ್ನ ಮುಖ ನೋಡಿದರು. "ಶೇಷಮ್ಮನೋರು?"

"ನಾನು ಹೋಗ್ತೀನಿ."

ಬೆಂಚಿನ ಮೇಲೆ ಕೂತು ಚೆಂಡಿಗೆ ದಾರ ಸುತ್ತುತ್ತಿದ್ದ ಚೈತ್ರ, "ನಂಗೆ ಇದೇ ಕೊನೇ ವರ್ಷ. ಆಮೇಲೆ ವಯಸ್ಸು ದಾಟುತ್ತೆ" ಎಂದಳು. ಯಾರಿಗೂ ಅಲ್ಲ, ಚೆಂಡಿಗೆ ಹೇಳಿದ ಹಾಗೆ.

ಶೇಷಮ್ಮನವರು ಜಗಲಿಯಲ್ಲೇ ಇದ್ದರು, ಮೆಣಸಿನ ಮೊರ ಹಿಡಿದು. ನನ್ನನ್ನು ನೋಡಿ ಕೂರಲು ಮಣೆ ಸರಿಸಿದರು.

"ಯಾಕೆ ಬಂದಿದೀಯ ಅಂತ ಗೊತ್ತು. ಆಡ್ಲಿ. ಬಲ ಬಂದು ಆಡ್ಲಿ."

"ಎಡಕ್ಕೆ ಓಡಬೇಕು ಅಮ್ಮ. ಅವನು ಹಾಗೇ ಹೇಳಿದ್ದ."

"ಹೇಳಿದ ಮಾರನೇ ದಿನ ಏನಾಯ್ತು?" ಎಂದವರು, ಮಾತು ಹೊರಗೆ ಬಿದ್ದ ಮೇಲೆ ಕೈ ನಿಲ್ಲಿಸಿದರು. "ನಾನು ಹಾಗಲ್ಲ ಅಂದಿದ್ದು" ಎಂದರು.

"ಹಾಗೇ ಅಂದಿದ್ದು. ಊರೆಲ್ಲ ಹಾಗೇ ಅಂತಿದೆ. ಅವನು ಕಣಕ್ಕೆ ಎಡ ಬರಲೇ ಇಲ್ಲ ಅಮ್ಮ. ಬದುಕಿದ್ದಷ್ಟು ದಿನ ನಿಮ್ಮ ಕಣಕ್ಕೆ ಬಲವೇ ಬಂದ."

ನಾನು ಅಷ್ಟು ಮಾತಾಡುವವಳಲ್ಲ. ಶುರು ಮಾಡಿದ ಮೇಲೆ ನಿಲ್ಲಿಸಲು ಗೊತ್ತಾಗಲಿಲ್ಲ.

"ಚಿತೆಗೆ ಎಡ ಬಂದವರು ಮಡಕೆ ಹಾಕಿ ತಿರುಗಿ ನೋಡದೆ ಹೋಗ್ತಾರೆ. ಈ ಮಕ್ಕಳು ಹೊರಟಲ್ಲಿಗೇ ಬರ್ತಾರೆ. ಮನೆ ಮುಟ್ಟಿ, ಬಂದೆ ಅಂತಾರೆ. ಎಡ ಸುತ್ತಿ ಬಂದೆ ಅಂದೋರನ್ನ ಎಲ್ಲಾದ್ರೂ ನೋಡಿದೀರಾ? ಎರಡೂ ಒಂದೇ ಹೇಗಾಗುತ್ತೆ?"

ಶೇಷಮ್ಮನವರು ಮೊರವನ್ನು ಎರಡು ಸಲ ಕೊಡವಿದರು. ಜೊಳ್ಳು ಮೆಣಸು ಅಂಗಳಕ್ಕೆ ಹಾರಿತು.

"ಮೊದಲು ಎಲ್ಲರೂ ಒಂದು ಸುತ್ತು ಬಲ ಬಂದು ಕಲ್ಲಿಗೆ ಕೈ ಮುಗೀಲಿ" ಎಂದರು ಕೊನೆಗೆ. "ಆಮೇಲೆ ನಿಮ್ಮ ಆಟ ನಿಮ್ಮದು. ನಾನು ನೋಡೋಕೆ ಬರಲ್ಲ."

ಲೀಗಿನ ದಿನ ಎಲ್ಲರಿಗಿಂತ ಮೊದಲು ಕುರ್ಚಿ ಹಾಕಿಸಿಕೊಂಡು ಕೊಡೆ ಬಿಡಿಸಿ ಕೂತಿದ್ದವರು ಅವರೇ.

ನಾಲ್ಕು ತಂಡದ ಮಕ್ಕಳೂ ಸಾಲಾಗಿ ಕಣಕ್ಕೆ ಬಲ ಬಂದರು. ಹಿಂದೆ ಹೊಟ್ಟೆ ಹಿಡಿದುಕೊಂಡು ಹಮೀದಣ್ಣನೂ ಓಡಿದರು. "ನೀವ್ಯಾಕೆ ಹಮೀದಣ್ಣ?" ಎಂದು ಯಾರೋ ಕೇಳಿದರೆ, "ಜಾಗದ ಯಜಮಾನ್ತಿ ಎಲ್ಲರೂ ಅಂದಿದಾರೆ ಮಾರಾಯ, ಎಲ್ಲರೂ ಅಂದ್ರೆ ಎಲ್ಲರೂ" ಎಂದರು. ರಸ್ತೆಯ ಅಂಚಿನಲ್ಲಿ ಊರಿನ ಅರ್ಧ ಜನ ಕೈಕಟ್ಟಿ ನಿಂತಿದ್ದರು. ಕೆಲವರು ತಮ್ಮ ಮಕ್ಕಳನ್ನು ಕಳಿಸಿರಲಿಲ್ಲ. ಏನಾಗುತ್ತದೆ ಎಂದು ನೋಡಲು ತಾವು ಮಾತ್ರ ಬಂದಿದ್ದರು.

ಮೊದಲು ಹೊಡೆದವನು ಗ್ಯಾರೇಜಿನ ಹುಡುಗ. ಹೊಡೆದು ಹಳೇ ಅಭ್ಯಾಸದಲ್ಲಿ ಬಲಕ್ಕೆ ಹೊರಟ. ಅವನ ತಂಡದವರೆಲ್ಲ, "ಎಡಕ್ಕೋ, ಎಡಕ್ಕೆ" ಎಂದು ಕೂಗಿದರು. ಅವನು ಗಕ್ಕನೆ ತಿರುಗಿ, ಕಣದ ನಡುವಿನಿಂದಲೇ ಅಡ್ಡ ಹಾಯ್ದು, ಎಸೆದವನಿಗೆ ಡಿಕ್ಕಿ ಹೊಡೆದು ಇಬ್ಬರೂ ಬಿದ್ದರು. ಕಲ್ಲಿನ ಮೇಲಲ್ಲ, ಪುಣ್ಯಕ್ಕೆ. ಕೊಡೆಯ ಕೆಳಗಿನಿಂದ ಮೊದಲು ನಗು ಬಂದದ್ದು. ಆಮೇಲೆ ರಸ್ತೆಯವರೂ ನಕ್ಕರು.

ಬಿಸಿಲು ಏರುವ ಹೊತ್ತಿಗೆ ಮಕ್ಕಳ ಕಾಲು ಹೊಸ ದಾರಿ ಕಲಿತವು. ಎಡಕ್ಕೆ ಓಡಿದರು, ಹೊಟ್ಟಿನ ಚೀಲ ಹಾರಿಸಿದರು, ತೋಟಕ್ಕೆ ಚೆಂಡು ಹಾಕಿ ಚಗಳಿ ಕಚ್ಚಿಸಿಕೊಂಡು ಕುಣಿದರು. ಮಧ್ಯಾಹ್ನದ ಪಂದ್ಯಕ್ಕೆ, ಬೆಳಿಗ್ಗೆ ಮನೆಯಲ್ಲಿ ಕೂರಿಸಿದ್ದ ಮಕ್ಕಳಲ್ಲೂ ಕೆಲವರು ಬಂದು ಗ್ಲೌಸು ಕೇಳಿದರು. ಯಾರಿಗೂ ಏನೂ ಆಗಲಿಲ್ಲ, ಒಂದೆರಡು ಮೊಣಕಾಲು ತರಚಿದ್ದು ಬಿಟ್ಟರೆ.

ಕೊನೆಯ ಪಂದ್ಯದಲ್ಲಿ ಚೈತ್ರ ಹೊಡೆದಳು. ಚೆಂಡು ಸಿಲ್ವರ್ ಓಕ್ ಮರಗಳ ಸಾಲು ದಾಟಿ ತೋಟದೊಳಗೆಲ್ಲೋ ಬಿತ್ತು. ತೋಟಕ್ಕೆ ಬಿದ್ದರೆ ಎರಡೇ ಮೂಲೆ ಎಂಬುದು ಅವಳಿಗೂ ಗೊತ್ತು, ನಮಗೂ ಗೊತ್ತು, ಯಾರೂ ನೆನಪಿಸಲಿಲ್ಲ. ಎಡಕ್ಕೆ, ಒಂದು ಹೆಜ್ಜೆಯೂ ತಡವರಿಸದೆ, ಮೂರು ಮೂಲೆ ಸುತ್ತಿ ಬಂದು ಟೈರ್ ತುಂಡಿನ ಮೇಲೆ ನಿಂತಳು. ಹಮೀದಣ್ಣ ಕೈ ಎತ್ತಿದರು.

ಅವಳು ಅಲ್ಲಿಂದ ಕದಲಲಿಲ್ಲ.

"ರನ್ ಆಯ್ತಮ್ಮ, ಹೋಗು" ಎಂದರು.

ಅವಳು ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ತಾನಾಗಿಯೇ, "ಬಂದೆ" ಎಂದು ಹೇಳಿ ಹೋಗಿ ನೆರಳಲ್ಲಿ ಕೂತಳು.

ಮುಂದಿನ ವಾರ ಚಿಕ್ಕಮಗಳೂರಿಗೆ ಹೋಗಬೇಕು. ಹೊಸ ಚೆಂಡು ಹೊಲಿಯುತ್ತಿದ್ದೇನೆ. ಈಗ ಗುಂಡಗೆ ಬರುತ್ತಿವೆ. ಹೊಟ್ಟು ತುಂಬಿದ ಚೀಲಗಳು ಸಿದ್ಧವಿವೆ, ಜೀಪಿದೆ, ಅಂಪೈರ್ ಇದ್ದಾರೆ, ಮುಂದಿನ ವರ್ಷಕ್ಕೂ ಕಣ ಕೊಡುತ್ತೇನೆ ಎಂದು ಶೇಷಮ್ಮನವರು ಹೇಳಿಕಳಿಸಿದ್ದಾರೆ. ಮಕ್ಕಳು ಎಡಕ್ಕೆ ಓಡಿ ಮನೆ ಮುಟ್ಟುತ್ತಾರೆ. ಬಂದ್ಯಾ ಎಂದು ಕೇಳುವವನು ಇಲ್ಲ.